ದೊಡ್ಡಪ್ಪನಿಗೆ ಸಿಕ್ಕ ಯುದ್ಧದ ರೈಫಲ್

ಸ್ನೇಹಿತರೇ, ನಮ್ಮ ಮನೆತನದ ಶೌರ್ಯ ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಮುಗಿಯಿತು.

ಮೂರು ದಿನದ ಹಿಂದೆ ದೊಡ್ಡಪ್ಪನಿಗೆ ಬಚ್ಚಲಿನ ಸೌದೆ ರಾಶಿಯ ಹಿಂದೆ ತುಕ್ಕು ಹಿಡಿದ ರೈಫಲ್ ಸಿಕ್ಕಿತ್ತು. ಮರದ ಹಿಡಿಯನ್ನು ಗೆದ್ದಲು ತಿಂದಿತ್ತು, ಬೋಲ್ಟ್ ಎಲ್ಲೋ ಕಳೆದುಹೋಗಿತ್ತು, ಉಳಿದದ್ದು ಉದ್ದನೆಯ ನಳಿಗೆ ಮಾತ್ರ. “ನಮ್ಮಜ್ಜ ಯುದ್ಧದಿಂದ ತಂದಿದ್ದು ಕಣೋ!” ಎಂದು ನನ್ನ ಕಿವಿಯಲ್ಲಿ ಹೇಳಿ, ಕಾಫಿ ಗೋಡೌನಿನಲ್ಲಿ ಗುಟ್ಟಾಗಿ ಸೀಮೆಎಣ್ಣೆಯಲ್ಲಿ ನೆನೆಸಿ, ಉಜ್ಜಿ, ಎಂಜಿನ್ ಆಯಿಲ್ ಬಳಿದು ಮಿಂಚಿಸಿದರು. ಇವತ್ತು ಗುರುತು ಹಿಡಿಯಲು ಗೋಣಿಬೀಡಿನಿಂದ ನಿವೃತ್ತ ಸುಬೇದಾರರನ್ನೇ ಮನೆಯ ಜಗಲಿಗೆ ಕರೆಸಿದ್ದರು.

ಸುಬೇದಾರರು ಕನ್ನಡಕ ಏರಿಸಿ ನಂಬರ್ ಓದಿದರು. “ತ್ರೀ ನಾಟ್ ತ್ರೀ. ಮಿಲಿಟರಿದೇ ಮಾರಾಯ.”

ನಳಿಗೆಯೊಳಗೆ ಬಟ್ಟೆ ತೂರಿಸಿದಾಗ ಕಪ್ಪು ಪುಡಿ ಉದುರಿತು. ಮೂಸಿ ನೋಡಿದರು. “ಮದ್ದಿನ ಮಸಿ! ಇದು ಸುಮಾರು ಗುಂಡು ಹಾರ್ಸಿದೆ.”

ದೊಡ್ಡಪ್ಪನ ಎದೆ ಉಬ್ಬಿತು. ಅಷ್ಟರಲ್ಲಿ ಕಾಫಿ ಹಿಡಿದು ಬಂದ ದೊಡ್ಡಮ್ಮ ಕೂಗಿದರು. “ಅಯ್ಯೋ, ನನ್ನ ಊದುಕೊಳವೆ! ಮೂರು ದಿನದಿಂದ ಹುಡುಕ್ತಾ ಇದೀನಿ. ಅದು ಬಚ್ಚಲೊಲೆ ಮಸಿ ಕಣ್ರೀ!”

“ಊದುಕೊಳವೆ ಅಂತ ನಂಗೆ ಹೇಳ್ಲೇ ಇಲ್ವಲ್ಲೇ?”

“ನಲವತ್ತು ವರ್ಷ ಬಿಸಿನೀರು ಹುಯ್ಕೊಂಡಿದೀರಿ. ಒಂದಿನ ಒಲೆ ಹಚ್ಚಿದ್ರೆ ನಿಮಗೇ ಗೊತ್ತಾಗ್ತಿತ್ತು.”

ದೊಡ್ಡಮ್ಮ ರೈಫಲ್ ಕಿತ್ತುಕೊಂಡು ಹೋಗಿ, ಒಲೆ ಊದಿ, ಮತ್ತೆ ಜಗಲಿಗೆ ಬಂದರು. ತುಟಿಯ ಮೇಲೆ ಎಂಜಿನ್ ಆಯಿಲಿನ ದಪ್ಪ ಮೀಸೆ, ಸುಬೇದಾರರದಕ್ಕಿಂತ ದೊಡ್ಡದು. “ಏನು ಹಂಗೆ ನೋಡ್ತೀರಿ?” ಎಂದು ಕೇಳಿದರು.

ಯಾರೂ ನಗಲಿಲ್ಲ. ರೈಫಲ್ ಇನ್ನೂ ಅವರ ಕೈಯಲ್ಲೇ ಇತ್ತು.