ಗುಡಿಸಿದ ರಂಗೋಲಿಯ ಬೂದು

೨೦೨೪ನೆಯ ಫೆಬ್ರುವರಿ ೧೧, ಭಾನುವಾರ. ಆಧಾರ: ಬೀದಿಯಲ್ಲಿ ರಂಗೋಲಿ ಬಿಡಿಸುತ್ತಿದ್ದು ಮುಂದೆ ದೇಶದಲ್ಲೆಲ್ಲ ಹೆಸರಾದ, ಈಗ ನಮ್ಮೊಡನಿಲ್ಲದ ಚಿತ್ರಕಾರರೊಬ್ಬರನ್ನು ಕುರಿತು ಅಂದು ಬೆಳಗಾವಿಯಲ್ಲಿ ಬಿಡುಗಡೆಯಾದ ಪುಸ್ತಕ, ಪುಟ ನಲವತ್ತೊಂದು, ಮೂರನೆಯ ಪರಿಚ್ಛೇದ.

ಆ ಪರಿಚ್ಛೇದವನ್ನು ವೇದಿಕೆಯ ಮೇಲಿಂದ ಗಟ್ಟಿಯಾಗಿ ಓದಿದರು. ಸಾರಾಂಶ ಇಷ್ಟು: ೧೯೯೪ರ ಗಣರಾಜ್ಯೋತ್ಸವದಂದು ಬೆಳಗಾವಿಯ ಖಾಸಬಾಗದ ಶಾಲೆಯ ಮುಂದೆ ಅವರು ಬಿಡಿಸಿದ್ದ ಅಪೂರ್ವ ರಂಗೋಲಿಯನ್ನು, ಕಲೆಯ ಗಂಧವಿಲ್ಲದ ಹೆಂಡತಿ ಕಸವೆಂದು ಗುಡಿಸಿಬಿಟ್ಟಳು, ಆ ಆಘಾತದಿಂದ ಅವರು ಬೀದಿಯನ್ನೇ ತೊರೆದು ಕ್ಯಾನ್ವಾಸಿನತ್ತ ತಿರುಗಿದರು. ಸಭೆ ಒಂದೇ ಬಾಯಿಯಲ್ಲಿ "ಛೇ" ಎಂದಿತು. ಆ ಹೆಂಡತಿ ಮೊದಲ ಸಾಲಿನಲ್ಲಿ ಕುಳಿತಿದ್ದರು. ಹತ್ತು ನಿಮಿಷದ ಹಿಂದಷ್ಟೇ ಅವರಿಗೆ ಶಾಲು ಹೊದಿಸಿದ್ದರು.

ನಾನು ವೃತ್ತಿಯಿಂದ ಸಂಶೋಧಕ. ಶಾಸನಗಳ ತಿಥಿ ವಾರಗಳನ್ನು ತಾಳೆ ನೋಡುವುದರಲ್ಲೇ ಮೂವತ್ತು ವರ್ಷ ಕಳೆದು ನಿವೃತ್ತನಾದವನು. ಈಗ ಹಿಂದವಾಡಿಯಲ್ಲಿದ್ದೇನೆ, ಆಗ ಖಾಸಬಾಗದಲ್ಲಿ ಆ ದಂಪತಿಯ ಎದುರು ಮನೆಯಲ್ಲಿ ಬಾಡಿಗೆಗಿದ್ದೆ. ಕೇಳಿದ ಮಾತನ್ನಲ್ಲ, ಕಂಡದ್ದನ್ನು ಬರೆಯುತ್ತಿದ್ದೇನೆ.

ಚಿತ್ರಕಾರರು ಖಾನಾಪುರದ ಕಡೆಯವರು. ಉಳಿದ ದಿನಗಳಲ್ಲಿ ಗೋಡೆಗಳ ಮೇಲೆ ಜಾಹೀರಾತು ಬರೆಯುತ್ತಿದ್ದರು. ಹಬ್ಬ ಹುಣ್ಣಿಮೆ ಬಂದರೆ ರಸ್ತೆಯ ಮೇಲೆ ಆಳೆತ್ತರದ ಮುಖಗಳು ಮೂಡುತ್ತಿದ್ದವು. ನೋಡಲು ಮಂದಿ ಸೈಕಲ್ ಇಳಿದು ನಿಲ್ಲುತ್ತಿದ್ದರು. ಆದರೆ ಅವರ ಮನೆಗೆ ಒಂದು ಕಟ್ಟಳೆಯಿತ್ತು: ಬಿಡಿಸಿದ ಮುಖ ಕಾಲಡಿಗೆ ಬರಬಾರದು. ದೀಪ ಹಚ್ಚುವ ಮೊದಲು ಅದನ್ನು ಗುಡಿಸಲೇಬೇಕು. ಗುಡಿಸುವುದು ಹೆಂಡತಿಯ ಪಾಲಿನ ಕೆಲಸ. ಅಂಚಿನಿಂದ ನಡುವಿಗೆ ಮೆಲ್ಲಗೆ ಪೊರಕೆಯಾಡಿಸಿ, ಪುಡಿಯನ್ನು ಮೊರಕ್ಕೆ ತುಂಬಿ, ಹರಳು, ಕೂದಲುಗಳನ್ನು ಜರಡಿ ಹಿಡಿದು ತೆಗೆದು, ಹಳೆಯ ಎಣ್ಣೆ ಡಬ್ಬಿಯಲ್ಲಿ ಕಾಪಿಡುತ್ತಿದ್ದರು. ಎಲ್ಲ ಬಣ್ಣಗಳೂ ಬೆರೆತು ಅದೊಂದು ಬೂದು. ಒಂದು ಸಲ ನೇರಳೆಗೆ ವಾಲಿದರೆ ಇನ್ನೊಂದು ಸಲ ಹಸಿರಿಗೆ. ಮುಂದಿನ ರಂಗೋಲಿಗೆ ಅದೇ ನೆಲಗಟ್ಟು. ಓಣಿಯ ಹೆಂಗಸರು ನಗುತ್ತಿದ್ದರು: "ಇವರ ಮನ್ಯಾಗ ಅನ್ನಕ್ಕಷ್ಟ ಅಲ್ಲವಾ, ನಿನ್ನಿ ಬಣ್ಣಕ್ಕೂ ಇವತ್ತ ವಗ್ಗರಣಿ ಹಾಕ್ತಾರ!"

ಕ್ಯಾನ್ವಾಸ್ ಬಂದ ಮೇಲೂ ಡಬ್ಬಿ ಹೋಗಲಿಲ್ಲ. ಆ ಪುಡಿಗೆ ಅಂಟು ಕಲಸಿ ಅವರು ಮೊದಲ ಲೇಪ ಹಚ್ಚುತ್ತಿದ್ದುದನ್ನು ನಾನು ಅವರ ಪಡಸಾಲೆಯಲ್ಲೇ ಕುಳಿತು ನೋಡಿದ್ದೇನೆ. ಇದೇ ಪುಸ್ತಕ ಅರವತ್ತೆರಡನೆಯ ಪುಟದಿಂದ ನಾಲ್ಕು ಪುಟ ಆ ಬೂದನ್ನು ಕೊಂಡಾಡುತ್ತದೆ. ಅದು ಖಾನಾಪುರದ ಮಳೆಗಾಲದ ಆಕಾಶವಂತೆ. ನಾಲ್ಕೂ ಪುಟಗಳನ್ನು ಎರಡೆರಡು ಬಾರಿ ಓದಿದೆ. ಮೊರವಿಲ್ಲ, ಜರಡಿಯಿಲ್ಲ, ಹೆಂಗಸಿಲ್ಲ. ನಲವತ್ತೊಂದನೆಯ ಪುಟದಲ್ಲಿ ಉಗುಳಿದ ಕೈಗೇ ಅರವತ್ತೆರಡರಲ್ಲಿ ಆರತಿ ಎತ್ತುತ್ತಿದ್ದೇವೆಂಬ ಅರಿವು ಕೂಡ ಬರೆದವರಿಗಿಲ್ಲ. ಇದನ್ನು ಅಜ್ಞಾನವೆಂದು ಮನ್ನಿಸಲು ನಾನು ಸಿದ್ಧನಿಲ್ಲ. ಕೇಳಿದ್ದರೆ ಹೇಳುವವರು ಬದುಕಿದ್ದರು. ಯಾರೂ ಕೇಳಲಿಲ್ಲ.

ನಾಲ್ಕು ದಿನದ ಬಳಿಕ, ಗುರುವಾರ, ಬಸ್ಸು ಹಿಡಿದು ಖಾನಾಪುರಕ್ಕೆ ಹೋದೆ. ಆಕೆ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಅಂಗಳದಲ್ಲಿ ಹಾಸಿದ ಬಟ್ಟೆಯ ಮೇಲೆ ಹಪ್ಪಳ ಒಣಗುತ್ತಿದ್ದವು.

"ಬರ್ರಿ ಅಣ್ಣಾರ, ಕುಂದರ್ರಿ. ಆ ಪುಸ್ತಕ ನನಗೂ ಒಂದ ಕೊಟ್ಟಾರ. ತೂಕ ಛಲೋ ಐತಿ. ಗಾಳಿಗೆ ಅರಬಿ ಹಾರಬಾರ್ದಂತ ಮ್ಯಾಲ ಇಟ್ಟೀನಿ, ನೋಡ್ರಿ."

"ವೈನಿ, ಅವತ್ತ ನಿಮಗ ಸಿಟ್ಟ ಬರಲಿಲ್ಲೇನು?"

"ಶಾಲು ಹೊಚ್ಚಿ ಬೈದ್ರ ಸಿಟ್ಟ ಹೆಂಗ ಮಾಡೂದ್ರಿ? ಕೈ ಮುಗದ ಕುಂತೆ." ನಕ್ಕರು. ಆಮೇಲೆ ನಗಲಿಲ್ಲ. "ಮಮ್ಮಗಳು ಸಾಲಿಯಿಂದ ಅಳಕೋತ ಬಂದ್ಲರಿ. ಅಜ್ಜನ ಚಿತ್ರಾ ಕೆಡಿಸಿದಾಕಿ ನಿಮ್ಮಜ್ಜಿನ ಅಂತಲ್ಲ, ಅಂದರಂತ ಹುಡುಗ್ರು. ಅದೊಂದ ಮಾತ ತಗಸ್ರಿ ಅಣ್ಣಾರ. ನನಗ ಬ್ಯಾರೇ ಏನೂ ಬ್ಯಾಡ."

ವೃತ್ತಿಯ ಚಟ, ಗಣರಾಜ್ಯೋತ್ಸವದ ಸಂಜೆ ಗುಡಿಸಿದ್ದರ ಬಗ್ಗೆ ಕೇಳಿಯೇಬಿಟ್ಟೆ: "ಅವತ್ತ ಉಡಗಿದ್ದು ನೀವ ಹೌದಲ್ಲರಿ?"

"ಹೌದ್ರಿ. ಮಂದಿ ತುಳೀಲಿ ಅಂತ ಬಿಡಬೇಕಿತ್ತೇನು?"

"ಆಗ ಅವರು ಎಲ್ಲಿದ್ರು?"

ಆಕೆ ನನ್ನ ಮುಖವನ್ನೇ ನೋಡಿದರು. "ಎದುರ ಮನ್ಯಾಗಿದ್ದವರು ನೀವು. ನಿಮಗ ಗೊತ್ತಿಲ್ಲೇನು?"

ನನಗೆ ಗೊತ್ತಿದೆ ಎಂದೇ ನಾನು ಭಾವಿಸಿದೆ.

ಮರುದಿನ ಆ ಪುಸ್ತಕದ ಸಂಪಾದಕರಿಗೆ ಫೋನು ಮಾಡಿದೆ. ವಿನಯವಂತ ಯುವಕ.

"ಎರಡನೇ ಮುದ್ರಣ ಈ ತಿಂಗಳ ಕಡೀಗೆ ಐತ್ರಿ ಸರ, ತಿದ್ದೂಣು. ಆದ್ರ ದಾಖಲೆ ಬೇಕಲ್ರಿ."

"ನಿಮ್ಮ ನಲವತ್ತೊಂದನೇ ಪುಟಕ್ಕ ಯಾವ ದಾಖಲೆ ಐತಿ?"

"ಅದು... ಹಂಗ ಅಂತ ಮಂದಿ ಹೇಳ್ತಾರ್ರಿ ಸರ. ಓದಾಕೂ ಛಂದ ಅದ."

ಓದಲು ಚಂದವಂತೆ! ಹೆಣ್ಣುಮಗಳೊಬ್ಬಳ ಮೇಲೆ ಅಪವಾದ ಹೊರಿಸಲು ಮಂದಿಯ ಮಾತು ಸಾಕು. ಇಳಿಸಲು ಮಾತ್ರ ಕಾಗದ ಬೇಕು.

ಪ್ರತ್ಯಕ್ಷದರ್ಶಿಯ ಹೇಳಿಕೆಯಾಗಿ ನಾಲ್ಕು ಪುಟದ ಪತ್ರ ಬರೆದೆ. ನೆನಪು ನಿಚ್ಚಳವಾಗಿತ್ತು. ರಂಗೋಲಿಯಲ್ಲಿ ರಾಟೆಯ ಮುಂದೆ ಕುಳಿತ ನೇಕಾರರ ಅಜ್ಜಿಯ ಮುಖ. ಕೆನ್ನೆಯ ಸುಕ್ಕುಗಳಿಗೆ ಆ ಬೂದಿನದೇ ಗೆರೆ. ಇಳಿಬಿಸಿಲು. ಬೆರಳ ನಡುವೆ ಬೀಡಿ ಹಿಡಿದು ಶಾಲೆಯ ಮೆಟ್ಟಿಲ ಮೇಲೆ ನಿಂತ ಚಿತ್ರಕಾರರು. "ಉಡಗ ಇನ್ನ, ದೀಪಾ ಹಚ್ಚೂ ಹೊತ್ತಾತು" ಎಂದು ಅವರೇ ಹೇಳಿದ ಮೇಲೆ ಹೆಂಡತಿ ಪೊರಕೆ ಹಿಡಿದು ಬಾಗಿದ್ದು. ಅವರ ರಂಗೋಲಿಯನ್ನು ಅವರ ಮಾತಿನಂತೆಯೇ ಗುಡಿಸಲಾಯಿತು, ಅದನ್ನು ನಾನು ಕಣ್ಣಾರೆ ಕಂಡೆ ಎಂದು ಬರೆದು ಸಹಿ ಹಾಕಿದೆ.

ಅಂಚೆಗೆ ಹಾಕುವ ಮೊದಲು, ತಾರೀಖೊಂದನ್ನು ತಾಳೆ ನೋಡಲೆಂದು ಟ್ರಂಕಿನಿಂದ ೧೯೯೪ರ ನನ್ನ ಕಿಸೆ ದಿನಚರಿಯನ್ನು ತೆಗೆದೆ. ಜನವರಿ ೨೬ರ ನಮೂದನ್ನು ಒಂದಕ್ಷರವೂ ಬದಲಿಸದೆ ಇಲ್ಲಿ ಕೊಡುತ್ತೇನೆ:

"ಬುಧವಾರ. ಎದುರು ಮನೆಯವರಿಗೆ ಮೂರು ದಿನದಿಂದ ಜ್ವರ, ಹಾಸಿಗೆ ಬಿಟ್ಟಿಲ್ಲ. ಮಧ್ಯಾಹ್ನ ಗಂಜಿ ಕಳಿಸಿದೆವು. ಶಾಲೆಯ ಮುಂದಿನ ರಂಗೋಲಿಯನ್ನು ಈ ಸಲ ಅವರ ಪತ್ನಿಯೇ ಬಿಡಿಸಿದರು, ರಾಟೆಯ ಅಜ್ಜಿ. ಗಂಡನಿಗಿಂತ ಕೈ ಹಗುರ. ಸಂಜೆ ತಾವೇ ಗುಡಿಸಿಕೊಂಡು ಹೋದರು."

ಬರಹ ನನ್ನದೇ, ಅನುಮಾನವಿಲ್ಲ. ಮೂವತ್ತು ವರ್ಷದ ಹಿಂದೆ ಕಂಡು ಬರೆದಿಟ್ಟದ್ದನ್ನು ನಾನೇ ಮರೆತು, ಆ ಜಾಗದಲ್ಲಿ ಗಂಡಸೊಬ್ಬನನ್ನು ನಿಲ್ಲಿಸಿದ್ದೆ. ಅಪ್ಪಣೆ ಕೊಡಲು ಅವನ ಬಾಯಿಗೊಂದು ಮಾತನ್ನೂ ಇಟ್ಟಿದ್ದೆ. ನಾಲ್ಕು ಪುಟದ ಪತ್ರದಲ್ಲಿ "ಅವರ ರಂಗೋಲಿ" ಎಂಬ ಮಾತು ಐದು ಕಡೆ ಇತ್ತು. ಪತ್ರವನ್ನು ಹರಿದೆ. ದಿನಚರಿಯ ಆ ಪುಟದ ನಕಲನ್ನು ಸಂಪಾದಕರಿಗೆ ಕಳಿಸಿದ್ದೇನೆ. ಇನ್ನೊಂದು ನಕಲು ಖಾನಾಪುರಕ್ಕೆ, ಮೊಮ್ಮಗಳ ಹೆಸರಿಗೆ.

ಮೆಟ್ಟಿಲು, ಬೀಡಿ, ಆ ಮಾತು: ಈ ಮೂರನ್ನೂ ಮೇಲೆ ನನಗೆ ನೆನಪಿದ್ದಂತೆಯೇ ಬರೆದಿದ್ದೇನೆ. ದಾಖಲೆ ಅವನ್ನು ಒಪ್ಪುವುದಿಲ್ಲ.