ಮೇಲೂರಿನ ಪಾಯಿಂಟ್ ಚೀಟಿ

ಕೊರೊನಾ ಕಳೆದ ಮರುವರ್ಷ ನಾನು ಶಿಡ್ಲಘಟ್ಟದ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಸ್ಟೋರ್ ಮ್ಯಾನೇಜರ್ ಆಗಿದ್ದೆ. ಬಿಲ್ ಮಾಡಿಸುವಾಗ ಗಿರಾಕಿ ಮೊಬೈಲ್ ನಂಬರ್ ಹೇಳಿದರೆ ನೂರು ರೂಪಾಯಿ ವ್ಯಾಪಾರಕ್ಕೆ ಒಂದು ಪಾಯಿಂಟ್ ಆ ನಂಬರಿಗೆ ಸೇರುತ್ತಿತ್ತು. ಪಾಯಿಂಟಿಗೆ ಒಂದು ರೂಪಾಯಿಯಂತೆ ಸಾಮಾನು ಕೊಳ್ಳಬಹುದು. ಹೇಗೂ ತರಲೇಬೇಕಾದ ಬೇಳೆ, ಎಣ್ಣೆ, ಸೋಪಿನಲ್ಲೇ ಒಂದಿಷ್ಟು ಉಳಿತಾಯ. ನೂರಕ್ಕೊಂದು ರೂಪಾಯಿ ಯಾವ ಮೂಲೆಗೆ ಎಂದು ನಾನಂತೂ ಮೂಗು ಮುರಿದಿದ್ದೆ.

ಒಂದು ಬೆಳಿಗ್ಗೆ ಹೆಡ್ ಆಫೀಸಿನ ಆಡಿಟರ್ ಫೋನ್ ಮಾಡಿದರು. ಒಂದೇ ನಂಬರಿಗೆ ದಿನಕ್ಕೆ ಹಲವು ಬಿಲ್, ಎಲ್ಲವೂ ಕ್ಯಾಷಿಯರ್ ಶಶಿಕಲಾಳ ಕೌಂಟರಿನಲ್ಲಿ. ನಂಬರ್ ಹೇಳದೆ ಹೋದ ಗಿರಾಕಿಗಳ ಪಾಯಿಂಟನ್ನು ಕ್ಯಾಷಿಯರ್‌ಗಳು ತಮ್ಮವರ ನಂಬರಿಗೆ ಹಾಕಿಕೊಳ್ಳುವುದು ನಮ್ಮ ಕಸುಬಿನಲ್ಲಿ ಹಳೇ ಕಳ್ಳಾಟ. ನಂಬರ್ ಬ್ಲಾಕ್ ಮಾಡಿದ್ದೇವೆ, ಇವತ್ತೇ ಅವಳನ್ನು ಕೆಲಸದಿಂದ ತೆಗೆಯಿರಿ ಎಂದರು.

ಶಶಿಕಲಾ ತೊಂಡೇಬಾವಿಯಿಂದ ಮದುವೆಯಾಗಿ ಬಂದವಳು. ಅವಳ ಸಂಬಳದಲ್ಲೇ ಮನೆ ನಡೆಯುತ್ತಿತ್ತು. ಕರೆದು ಕೇಳಿದೆ. ಅಳಲಿಲ್ಲ, ಸಿಟ್ಟಾದಳು.

"ಅವರು ಹೇಳಿದ ನಂಬರ್ ಹೊಡೀತೀನಿ ಸಾರ್. ಸಾಯಂಕಾಲ ಬಂದು ನಿಂತ್ಕೊಂಡು ನೋಡಿ."

ನಿಂತೆ. ರೇಷ್ಮೆ ಗೂಡಿನಿಂದ ನೂಲು ತೆಗೆಯುವ, ಹತ್ತಿರದ ಮೇಲೂರಿನ ಹೆಂಗಸರು ಕೆಲಸ ಮುಗಿಸಿ ಬಂದರು. ಬಿಸಿನೀರಿನಲ್ಲಿ ನೆನೆದು ಬೆರಳೆಲ್ಲ ಸುಕ್ಕು. ಒಬ್ಬೊಬ್ಬರೂ ಒಂದೇ ನಂಬರನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದರು. ಪಕ್ಕದ ಕೌಂಟರ್ ಖಾಲಿಯಿದ್ದರೂ ಯಾರೂ ಅತ್ತ ಹೋಗಲಿಲ್ಲ. ಶಶಿಕಲಾ ಅವರೊಂದಿಗೆ ತೆಲುಗಿನಲ್ಲಿ ಮಾತಾಡುತ್ತಿದ್ದಳು, ಚಿಲ್ಲರೆಗಾಗಿ ಗದರುತ್ತಿರಲಿಲ್ಲ.

ಕೊನೆಗೆ ಬಂದವರು ರತ್ನಮ್ಮ ಮತ್ತು ಮುನಿರತ್ನಮ್ಮ. ಎಲ್ಲರೂ ಒಪ್ಪಿಸಿದ ನಂಬರ್ ರತ್ನಮ್ಮನದು, ಸಾಮಾನು ಮುನಿರತ್ನಮ್ಮನಿಗೆ. ಬೆಲ್ಲ, ಕೊಬ್ಬರಿ, ಒಣಶುಂಠಿ, ತುಪ್ಪ ಎಲ್ಲ ಬುಟ್ಟಿಯಲ್ಲಿತ್ತು. ಪಾಯಿಂಟ್ ಬ್ಲಾಕ್ ಆಗಿದೆ ಎಂದು ಶಶಿಕಲಾ ಹೇಳಿದೊಡನೆ ಮುನಿರತ್ನಮ್ಮ ತುಪ್ಪದ ಡಬ್ಬಿಯನ್ನು ತೆಗೆದು ಪಕ್ಕಕ್ಕಿಟ್ಟಳು.

ಏನಮ್ಮ ಇದೆಲ್ಲ ಎಂದು ರತ್ನಮ್ಮನನ್ನು ಕೇಳಿದೆ.

"ಚೀಟಿ ಹಾಕ್ದಂಗೆ ಕಣಣ್ಣಾ. ಒಬ್ಬೊಬ್ರ ಪಾಯಿಂಟು ಉಪ್ಪಿಗೂ ಆಗಲ್ಲ. ಬೀದಿಯೋರೆಲ್ಲ ಒಂದ್ಕಡೆ ಹಾಕ್ತೀವಿ, ತಿಂಗಳಿಗೊಬ್ರು ಎತ್ಕೋತೀವಿ. ಈ ತಿಂಗಳು ಇವಳದು. ಮಗಳು ಹೆರಿಗೆಗೆ ಬಂದವ್ಳೆ."

ಚೀಟಿ ನಮ್ಮ ಸೀಮೆಗೆ ಹೊಸದಲ್ಲ. ಆದರೆ ಕಂಪನಿಯ ಪಾಯಿಂಟಿಗೂ ಚೀಟಿ ಕಟ್ಟಬಹುದೆಂದು ನಮ್ಮ ಯಾವ ಟ್ರೈನಿಂಗಿನಲ್ಲೂ ಹೇಳಿರಲಿಲ್ಲ!

ಅಲ್ಲಿಂದಲೇ ಆಡಿಟರಿಗೆ ಫೋನ್ ಹಚ್ಚಿದೆ. ಕಳ್ಳತನ ಅಲ್ಲ ಎಂದು ಒಪ್ಪಿದರು. ಆದರೂ ಒಂದು ನಂಬರ್ ಒಂದೇ ಕುಟುಂಬಕ್ಕೆ ಎಂಬುದು ನಿಯಮ, ಗೊತ್ತಿದ್ದೂ ಮುರಿದವಳನ್ನು ಇಟ್ಟುಕೊಳ್ಳಲಾಗದು ಎಂದರು. ನನಗೂ ತಲೆ ಕೆಟ್ಟಿತು. ನೀವೇ ಕೇಳಿಕೊಳ್ಳಿ ಎಂದು ಸ್ಪೀಕರ್ ಹಾಕಿ ಫೋನನ್ನು ರತ್ನಮ್ಮನ ಮುಂದೆ ಹಿಡಿದೆ. ಇವರೆಲ್ಲ ನಿಮಗೆ ಏನಾಗಬೇಕಮ್ಮ ಎಂದರು ಆಡಿಟರ್.

"ಏನಾಗ್ಬೇಕು ಅಂದ್ರೆ ಏನ್ ಹೇಳ್ಲಿ ಸ್ವಾಮಿ? ಇವಳ ಮಗಳಿಗೆ ನಾಳೆ ಹೆರಿಗೆ ಆದ್ಮೇಲೆ ನೀರು ಹಾಕೋಳು ನಾನು. ನನ್ ಸೊಸೆಗೆ ಹಾಕ್ದೋಳು ಇವಳು. ಮನೆಯೋರಲ್ದೆ ಇನ್ಯಾರು ಮಾಡ್ತಾರೆ?"

ಆಡಿಟರ್ ಮನೆಯಲ್ಲೂ ಯಾರೋ ಬಾಣಂತಿಗೆ ನೀರು ಹಾಕಿದ್ದಿರಬೇಕು. ಕುಟುಂಬ ಅಂತಲೇ ರಿಪೋರ್ಟ್ ಮಾಡಿ, ನಾನು ನೋಡ್ಕೋತೀನಿ ಎಂದರು. ನಂಬರಿನ ಬ್ಲಾಕನ್ನು ಕೂಡಲೇ ತೆಗೆಸಿದರು. ಶಶಿಕಲಾ ತುಪ್ಪದ ಡಬ್ಬಿಯನ್ನು ತಾನೇ ತೆಗೆದು ಬುಟ್ಟಿಗಿಟ್ಟಳು. ಆಗ ಮಾತ್ರ ಅವಳ ಕಣ್ಣು ತುಂಬಿತು.

ಲೆಕ್ಕ ತಾಳೆಯಾಗದಿದ್ದರೆ ಕಳ್ಳನನ್ನು ಹುಡುಕುವುದಕ್ಕೆ ಮುಂಚೆ ಕೌಂಟರಿನ ಪಕ್ಕ ಹೋಗಿ ನಿಲ್ಲಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಈಗ ನಾನು ನಿವೃತ್ತ. ಅದೇ ಅಂಗಡಿಗೆ ಗಿರಾಕಿಯಾಗಿ ಹೋಗುತ್ತೇನೆ. ಮೊದಲ ಸಲ ಹೋದಾಗ ಶಶಿಕಲಾ ನಂಬರ್ ಹೇಳಿ ಸಾರ್ ಎಂದಳು. ನಾನು ರತ್ನಮ್ಮನ ನಂಬರನ್ನು ಒಂದೇ ಉಸಿರಿಗೆ ಹೇಳಿದೆ. ಅವಳು ನಕ್ಕು, ಅದನ್ನೇ ಹೊಡೆದಳು.