ಲಾಭ, ಎರಡು, ಮೂರು

ನನ್ನ ಮೊಮ್ಮಗಳು ಬಳ್ಳಾರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಓದಿ ಪಾಸಾದಳು. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಇಂಥ ಮಾತನ್ನು ಕೊನೆಯವರೆಗೆ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂರುವುದು ನನ್ನಿಂದಾಗದು. ನಾನು ಓದಿದ್ದು ಕುರುಗೋಡಿನ ಸಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ. ಅಕ್ಷರ ಕೂಡಿಸಿ ಓದುತ್ತೇನೆ, ನಿಧಾನವಾಗಿ ಬರೆಯುತ್ತೇನೆ. ತಪ್ಪುಗಳನ್ನು ಮೊಮ್ಮಗಳು ತಿದ್ದಿದ್ದಾಳೆ. ಹೊಗಳಿಕೆ ಜಾಸ್ತಿಯಾಯಿತೆಂದು ಅವಳು ಹೊಡೆದುಹಾಕಿದ ಸಾಲುಗಳನ್ನು ಮಾತ್ರ ನಾನು ಮತ್ತೆ ಬರೆದಿದ್ದೇನೆ.

ಅದು ಗಣಿಯ ಧೂಳು ಎಲ್ಲರ ಕಣ್ಣಿಗೂ ಬಂಗಾರವಾಗಿ ಕಾಣುತ್ತಿದ್ದ ಕಾಲ. ನನ್ನ ಮಗಳನ್ನು ಕೊಟ್ಟದ್ದು ಸಿರುಗುಪ್ಪದ ಹತ್ತಿರದ ದೇಶನೂರಿಗೆ. ಅಳಿಯದೇವರು ಗದ್ದೆಯನ್ನು ತಮ್ಮನಿಗೆ ಒಪ್ಪಿಸಿ, ಅದಿರು ಸಾಗಿಸಲು ಒಂದು ಟಿಪ್ಪರ್ ಇಟ್ಟಿದ್ದ. ಎದುರಿಗಿದ್ದಾಗ ಅವನಿಗೆ ‘ರಿ’ ಹಚ್ಚಿಯೇ ಮಾತಾಡುತ್ತೇನೆ. ಬರೆಯುವಾಗ ಆ ಗೊಡವೆ ಬಿಟ್ಟಿದ್ದೇನೆ, ಕೈ ನೋಯುತ್ತದೆ.

ಮೊಮ್ಮಗಳು ಸಿರುಗುಪ್ಪದಲ್ಲಿ ಕನ್ನಡದಲ್ಲೇ ಓದಿ ಪಿಯುಸಿ ಮುಗಿಸಿದಳು. ಮುಗಿಸಿದವಳೇ, ಬಿಸಿಎ ಸೇರುತ್ತೇನೆ, ಕುರುಗೋಡಿನಲ್ಲಿ ಅಜ್ಜಿಯ ಮನೆಯಲ್ಲಿದ್ದು ದಿನಾ ಬಸ್ಸಿಗೆ ಬಳ್ಳಾರಿಗೆ ಹೋಗುತ್ತೇನೆ ಎಂದು ಹಟ ಹಿಡಿದಳು. ಅಳಿಯ ಆಗಲೇ ಅವಳಿಗೆ ಬೇರೆ ಜಾಗ ನೋಡಿದ್ದ. ಬಳ್ಳಾರಿಯ ಹೊರಗೆ ಅದಿರಿನ ಲಾರಿ ತೂಗುವ ಕಾಟಾ ಇತ್ತು. ಅದರ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರಲು ಒಬ್ಬರು ಬೇಕಾಗಿದ್ದರು.

“ಕಾಟಾದಾಗೂ ಕಂಪ್ಯೂಟರ್ ಐತಿ, ಕಾಲೇಜಿನ್ಯಾಗೂ ಕಂಪ್ಯೂಟರ್ ಐತಿ,” ಎಂದ ಅಳಿಯ, ನಮ್ಮ ಕಟ್ಟೆಯ ಮೇಲೆ ಕುಳಿತು. “ಅಲ್ಲಿ ಪಗಾರ ಕೊಟ್ಟು ಕುಂದ್ರಸ್ತಾರ. ಇಲ್ಲಿ ನಾವ ಫೀಜು ಕಟ್ಟಿ ಕುಂದ್ರಬೇಕು. ಯಾವುದು ಶ್ಯಾಣೇತನ, ನೀವ ಹೇಳ್ರಿ ಅತ್ತಿ.”

ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯೇ ಹೇಳಿದಳು. “ಅಪ್ಪಾ, ಕಾಟಾದಾಗ ಬರೇ ಗುಂಡಿ ಒತ್ತೋದು. ಒತ್ತಿದ್ರ ಏನಾಗಬೇಕು ಅಂತ ಮೊದಲ ಒಬ್ರು ಬರದಿಟ್ಟಿರತಾರ. ನಾ ಬರಿಯಾಕ ಕಲೀತೀನಿ.”

“ಬರಿಯವ್ವಾ ತಾಯಿ, ಬರಿ. ಮೊದಲನೇ ಪರೀಕ್ಷಿ ನೋಡೋಣು. ಒಂದ್ರಾಗ ಡುಮ್ಕಿ ಹೊಡದ್ರೂ ಮರುದಿನ ಕಾಟಾ. ಆಮ್ಯಾಲ ಅಳಂಗಿಲ್ಲ.”

“ಅಳಂಗಿಲ್ಲ,” ಎಂದಳು.

ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಕಂಪ್ಯೂಟರಿಗೆ ಹೇಳಿದ ಮಾತು ತಿಳಿಯಬೇಕಾದರೆ ಅದರದೇ ಒಂದು ಭಾಷೆ ಕಲಿಯಬೇಕಂತೆ. ಆ ಭಾಷೆಯ ಹೆಸರು ‘ಸಿ’.

“ಒಂದ ಅಕ್ಷರಾನ? ಹಂಗಾದ್ರ ಒಂದ ದಿನದಾಗ ಮುಗೀತೈತಿ ಬಿಡು,” ಎಂದೆ. ಅವಳು ನಗಲಿಲ್ಲ.

ಒಂದು ಸಂಜೆ ಬಸ್ಸಿಳಿದು ಬಂದವಳು, ಗಣಿಯ ಧೂಳಿಗೆ ಕೆಂಪಗಾಗಿದ್ದ ಬಿಳಿ ವೇಲನ್ನು ನೀರಿಗೆ ಹಾಕುತ್ತ, “ಅಜ್ಜಿ, ನಾಳಿ ಲ್ಯಾಬ್ ಐತಿ, ಲಗೂನ ಎಬ್ಬಸು,” ಎಂದಳು. ನನ್ನ ಕಿವಿಗೆ ಬಿದ್ದದ್ದು ‘ಲಾಭ ಐತಿ’ ಎಂದು. ವಾರದಲ್ಲಿ ಎಷ್ಟು ದಿನ ಎಂದು ಕೇಳಿದೆ. ಎರಡು ದಿನ ಎಂದಳು. ರೊಟ್ಟಿ ಬಡಿಯುವ ನನ್ನ ಕೈ ನಿಂತುಹೋಯಿತು. ಆಗ ಎಲ್ಲರ ಬಾಯಲ್ಲೂ ಅದೊಂದೇ ಮಾತು: ಲಾರಿ ಇಟ್ಟವನಿಗೆ ಲಾಭ, ರಸ್ತೆಬದಿ ಹೊಲ ಇದ್ದವನಿಗೆ ಲಾಭ. ಕಾಲೇಜಿಗೂ ಬಂದಿರಬೇಕು, ಬರಬಾರದೆಂದು ಎಲ್ಲಿದೆ?

ಪಕ್ಕದ ಮನೆಯ ಸಾಬರ ಹೆಣ್ಣುಮಗಳು ಗಾದಿ ಹೊಲಿಯುವವಳು, ನನ್ನ ವಾರಿಗೆಯವಳು. ಅವಳಿಗೆ ಹೇಳದೆ ನಾನು ಯಾವ ಸುದ್ದಿಯನ್ನೂ ನುಂಗಿದವಳಲ್ಲ.

“ನಮ್ಮ ಹುಡುಗಿಗೆ ವಾರದಾಗ ಎರಡು ದಿನ ಲಾಭ ಐತಂತ.”

“ಯಾ ಅಲ್ಲಾ!” ಎಂದು ಅವಳು ಸೂಜಿಯನ್ನು ಗಾದಿಗೆ ಚುಚ್ಚಿ ಎದ್ದು ನಿಂತಳು. “ಓದಿದ್ರ ಲಾಭ ಮುಂದ ಬರತೈತಿ ಅಂತಿದ್ರು. ಈಗ ವಾರಾವಾರ ಕೊಡಾಕ ಹತ್ಯಾರೇನು? ನನ್ನ ಮೊಮ್ಮಗಳನ್ನೂ ಸೇರಸ್ತೀನಿ ತಡಿ ಅಕ್ಕಾ.”

ಸುದ್ದಿ ನಮಗಿಂತ ಮುಂಚೆ ಬಸ್ಸು ಹತ್ತಿತು. ಆ ಭಾನುವಾರವೇ ಅಳಿಯ ಓಣಿಯ ಬಾಯಲ್ಲಿ ಟಿಪ್ಪರ್ ನಿಲ್ಲಿಸಿ ಬಂದ. “ಏನತ್ತಿ, ಕಾಲೇಜಿನ್ಯಾಗ ಲಾಭ ಹಂಚತಾರಂತ ಸಿರುಗುಪ್ಪದ ಬಸ್ ಸ್ಟ್ಯಾಂಡಿನ್ಯಾಗ ಮಂದಿ ನನಗ ಹೇಳಾಕ ಹತ್ಯಾರ. ಹೆತ್ತಪ್ಪಗ ಒಂದು ಮಾತು ಹೇಳಬಾರದ?”

ಮೊಮ್ಮಗಳು ನಮ್ಮಿಬ್ಬರ ಮುಖ ನೋಡಿದಳು. ತಿಳಿದಾಗ ನೆಲದ ಮೇಲೆ ಉರುಳಿ ನಕ್ಕಳು. “ಲಾಭ ಅಲ್ಲಪ್ಪಾ, ಲ್ಯಾಬು! ಕಂಪ್ಯೂಟರ್ ಇಟ್ಟ ರೂಮು!”

“ಹಂಗಾದ್ರ ಲಾಭ ಇಲ್ಲ ಅನ್ನು,” ಎಂದು ಅಳಿಯ ಟಿಪ್ಪರಿನಿಂದ ಅಕ್ಕಿ ಚೀಲ ಇಳಿಸಿ ಹೊರಟುಹೋದ. ಮಾತು ಸಣ್ಣದು. ಹುಡುಗಿಯ ನಗು ಮಾತ್ರ ಅಲ್ಲಿಗೇ ನಿಂತಿತು.

ಯಾಕೆಂದರೆ ಅವಳಿಗೆ ಆ ಲ್ಯಾಬಿನಲ್ಲೇ ಕಷ್ಟವಾಗಿತ್ತು. ಅವಳು ಹೇಳಿದ್ದರಲ್ಲಿ ನನಗೆ ತಿಳಿದಷ್ಟು ಬರೆಯುತ್ತೇನೆ. ಕಂಪ್ಯೂಟರಿನ ಒಳಗೆ ಸಾಲುಮನೆಗಳಿರುತ್ತವೆ. ಐದು ಹುಡುಗರ ಮಾರ್ಕ್ಸುಗಳನ್ನು ಐದು ಮನೆಗಳಲ್ಲಿ ಇಟ್ಟು, ಎಲ್ಲ ಕೂಡಿಸು ಎಂದು ಬರೆಯಬೇಕು. ಮೊದಲ ಮನೆಯ ನಂಬರು ಒಂದಲ್ಲ, ಸೊನ್ನೆ. ಇವಳು ಪ್ರತಿ ಸಲ ಒಂದನೆಯ ನಂಬರಿನಿಂದ ತುಂಬುತ್ತಿದ್ದಳು. ಕಂಪ್ಯೂಟರು ಕೂಡಿಸುವಾಗ ಸೊನ್ನೆಯಿಂದ ಹಿಡಿಯುತ್ತಿತ್ತು. ಖಾಲಿ ಬಿಟ್ಟ ಆ ಮೊದಲ ಮನೆಯಲ್ಲಿ ಹಳೆಯ ಕಸ ಏನಾದರೂ ಬಿದ್ದಿರುತ್ತದಂತೆ, ಅದೂ ಲೆಕ್ಕಕ್ಕೆ ಸೇರಿ ಉತ್ತರ ಎಲ್ಲಿಗೋ ಹೋಗುತ್ತಿತ್ತು.

“ಮೇಡಮ್ಮು ದಿನಾ ಹೇಳತಾರ ಅಜ್ಜಿ. ಬಾಯಿಪಾಠ ಮಾಡೀನಿ. ಕೀಬೋರ್ಡ್ ಮುಂದ ಕುಂತ ಕೂಡ್ಲೆ ಕೈ ಒಂದರ ಮ್ಯಾಲೇ ಹೋಗತೈತಿ. ಇದ್ದ ಮನಿಗೆ ಸೊನ್ನೆ ಅಂತ ಹೆಂಗ ಅನ್ನೂದು? ಸೊನ್ನೆ ಅಂದ್ರ ಏನೂ ಇಲ್ಲ ಅಂತ ಅಲ್ಲೇನು?” ಅಳುವುದಿಲ್ಲ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದಳಲ್ಲ, ಕಣ್ಣು ಅಗಲ ಮಾಡಿಕೊಂಡು ತಡೆದಳು. ಪರೀಕ್ಷೆ ಹತ್ತಿರವಿತ್ತು.

“ಬಾ, ಅಕ್ಕಿ ಅಳದು ಡಬ್ಬಿಗೆ ಹಾಕೋಣು, ಮನಸು ಹಗುರಾಗತೈತಿ,” ಎಂದು ಸೇರು ಅವಳ ಕೈಗೆ ಕೊಟ್ಟೆ. ಚೀಲದ ಅಕ್ಕಿಯನ್ನು ತೂಗಿಯೇ ತಂದಿರುತ್ತಾರೆ. ಆದರೂ ಮನೆಗೆ ಬಂದದ್ದನ್ನು ಸೇರಿನಲ್ಲಿ ಅಳೆಯದೆ ಡಬ್ಬಿಗೆ ಹಾಕುವುದು ನನಗೆ ಸೇರದು.

ಅವಳು ಸಿಟ್ಟಿನಲ್ಲಿ ಸೇರು ತುಂಬಿ, ಡಬ್ಬಿಗೆ ಸುರಿದು, “ಸೊನ್ನೆ!” ಎಂದಳು.

ನಾನು ಅವಳ ಬಾಯಿಯನ್ನೇ ಮುಚ್ಚಿದೆ. “ಲೇ! ಅಕ್ಕಿ ಮುಂದ ಕುಂತು ಸೊನ್ನೆ ಅಂತೀಯೇನ? ಮನ್ಯಾಗ ಕಾಳು ಉಳಿಯೂದು ಬ್ಯಾಡೇನು? ಲಾಭ ಅನ್ನು!”

“ಲಾಭ,” ಎಂದಳು ಮುಖ ಊದಿಸಿಕೊಂಡು. ಮತ್ತೊಂದು ಸೇರು ಸುರಿದಳು. “ಎರಡು.” ಮತ್ತೊಂದು. “ಮೂರು.” ಅಲ್ಲಿಗೆ ಅವಳ ಕೈ ನಿಂತಿತು. ಸೇರಿನಿಂದ ಅಕ್ಕಿ ಉದುರುತ್ತಲೇ ಇತ್ತು.

“ಅಜ್ಜಿ, ಒಂದು ಎಲ್ಲಿ ಹೋತು?”

“ಎಲ್ಲಿಗೆ ಹೋಗತೈತಿ? ಲಾಭನ ಒಂದು. ಮೊದಲನೇ ಸೇರಿಗೆ ಒಂದು ಅನ್ನಬಾರದು, ಲಾಭ ಅನ್ನಬೇಕು.”

“ಅಂದ್ರ ಹೆಸರು ಬ್ಯಾರೆ. ಅಕ್ಕಿ ಅಷ್ಟ.”

“ಹೆಸರು ಬ್ಯಾರೆ ಆದ್ರ ಅಕ್ಕಿ ಕಡಿಮಿ ಆಕ್ಕೈತೇನ ಹುಚ್ಚಿ?”

ಅವಳು ಸೇರನ್ನು ಅಲ್ಲೇ ಬಿಟ್ಟು, ಅಕ್ಕಿ ಅಂಟಿದ ಕೈಯಲ್ಲೇ ಪುಸ್ತಕಕ್ಕೆ ಓಡಿದಳು. “ಸೊನ್ನೆ ಅಂದ್ರ ಇಲ್ಲ ಅಂತಲ್ಲ ಅಜ್ಜಿ! ಮೊದಲನೇದಕ್ಕ ಅವರು ಇಟ್ಟ ಹೆಸರು! ನೀವು ಲಾಭ ಅಂತೀರಿ, ಅವರು ಸೊನ್ನೆ ಅಂತಾರ. ನೀವು ಎರಡನೇದಕ್ಕ ಎರಡು ಅಂತೀರಿ, ಅವರು ಒಂದು ಅಂತಾರ. ಅಷ್ಟ ಫರಕು!” ನನಗೆ ತಿಳಿದದ್ದು ಅವಳು ನಕ್ಕಳು ಎಂಬುದಷ್ಟೆ. ಉಳಿದ ಅಕ್ಕಿಯನ್ನು ನಾನೇ ಅಳೆದೆ.

ಲ್ಯಾಬಿನ ಪರೀಕ್ಷೆಯ ದಿನ ನಾನೂ ಬಳ್ಳಾರಿಗೆ ಹೋದೆ. ಬೇಡ ಎಂದಳು, ಕೇಳಲಿಲ್ಲ. ಆ ರೂಮಿನ ಹೊರಗೆ ಗುಡಿಯ ಮುಂದಿನ ಹಾಗೆ ಚಪ್ಪಲಿ ಬಿಟ್ಟಿದ್ದರು. ಧೂಳು ಹೋದರೆ ಕಂಪ್ಯೂಟರ್ ಕೆಡುತ್ತದಂತೆ. ಬಳ್ಳಾರಿಯಲ್ಲಿ ಧೂಳಿಲ್ಲದ ಚಪ್ಪಲಿ ಯಾರ ಹತ್ತಿರ ಇತ್ತು ಆಗ! ನಾನೂ ನನ್ನವನ್ನು ಬಿಟ್ಟು, ಬಾಗಿಲ ಎದುರಿನ ಕಟ್ಟೆಯ ಮೇಲೆ ಕುಳಿತೆ.

ನಡುವೆ ಕರೆಂಟು ಹೋಯಿತು. ಕಂಪ್ಯೂಟರುಗಳು ಬ್ಯಾಟರಿಯ ಮೇಲೆ ಉಸಿರು ಹಿಡಿದಿದ್ದವು, ತಂಪು ಗಾಳಿಯ ಮಷೀನು ಮಾತ್ರ ನಿಂತಿತು. ಸೆಕೆ ತಡೆಯದೆ ಬಾಗಿಲು ತೆರೆದರು. ನೋಡಿದರೆ ನನ್ನ ಮೊಮ್ಮಗಳು ಬಾಗಿಲ ಹತ್ತಿರವೇ ಇದ್ದಾಳೆ! ಪಕ್ಕದಲ್ಲಿ ಬೇರೆ ಊರಿನಿಂದ ಬಂದ ಪರೀಕ್ಷೆಯ ಸಾಹೇಬರು ನಿಂತು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಇವಳು, “ಸರ್... ಸರ್...” ಎಂದಳು. ಮುಂದಕ್ಕೆ ಹೋಗಲಿಲ್ಲ. ನನ್ನ ಎದೆಯಲ್ಲಿ ಕಾಟಾದ ಲಾರಿ ಹತ್ತಿ ಇಳಿಯಿತು.

“ಕನ್ನಡದಲ್ಲೇ ಹೇಳಮ್ಮಾ. ಸೊನ್ನೆಯಿಂದ ಏಕೆ ಶುರು ಮಾಡಿದೆ?” ಎಂದರು ಅವರು.

ಇವಳು ಎರಡೂ ಕೈಯಲ್ಲಿ ಇಲ್ಲದ ಸೇರೊಂದನ್ನು ಹಿಡಿದು, ಇಲ್ಲದ ಡಬ್ಬಿಗೆ ಸುರಿದಳು. “ಸರ್, ನಮ್ಮ ಕಡೆ ಕಾಳು ಅಳೀಬೇಕಾದ್ರ ಮೊದಲನೇ ಸೇರಿಗೆ ಒಂದು ಅನ್ನಂಗಿಲ್ಲ, ಲಾಭ ಅಂತೀವಿ. ಹೆಸರು ಒಂದಲ್ಲ ಅಂತ ಆ ಸೇರು ಇಲ್ಲ ಅಂತಲ್ಲ ಸರ್. ಇಲ್ಲಿ ಅದರ ಹೆಸರು ಸೊನ್ನೆ. ಐದು ಮನಿ ಅದಾವ, ಕೊನೇದರ ನಂಬರು ನಾಲ್ಕು.”

ಸಾಹೇಬರು ಬಾಯ್ತುಂಬ ನಕ್ಕು, ತೆಲುಗಿನಲ್ಲಿ, “ಮಾ ಊರ್ಲೋ ಕೂಡಾ ಲಾಭಮೇ ಅಂಟಾರಮ್ಮಾ!” ಎಂದರು. ಅವರ ಊರಿನಲ್ಲೂ ಲಾಭವೇ! “ಹೂಂ, ರನ್ ಮಾಡು.”

ಅವಳು ಒತ್ತಿದಳು. ಸಾಹೇಬರು ಬಗ್ಗಿ ನೋಡಿ ತಲೆ ಆಡಿಸಿದರು. ಆಗ “ಲಾಭ!” ಎಂಬ ಕೂಗು ಕೇಳಿತು. ಯಾರೆಂದು ನೋಡಿದರೆ ನಾನೇ.

“ಅಜ್ಜಿ, ಇದು ಪರೀಕ್ಷಿ, ಕಣ ಅಲ್ಲ,” ಎಂದು ಅಟೆಂಡರು ಬಾಗಿಲು ಎಳೆದುಕೊಂಡ. ಎಳೆದುಕೊಳ್ಳಲಿ.

ಆ ಮೊದಲನೆಯ ಪರೀಕ್ಷೆಯ ರಿಸಲ್ಟ್ ನೋಡಲು ಅಳಿಯನೂ ಬಂದಿದ್ದ. ಕಾಲೇಜಿನ ಗೋಡೆಗೆ ಅಂಟಿಸಿದ ಹಾಳೆಯ ಮೇಲೆ ಬೆರಳಿಟ್ಟು ಮಗಳ ನಂಬರು ಹುಡುಕಿದ. ಎಲ್ಲದರಲ್ಲೂ ಪಾಸು. ಲ್ಯಾಬಿನಲ್ಲಿ ಕ್ಲಾಸಿಗೇ ಮೇಲು. ಅವನು ದೂರ ಹೋಗಿ ಮೊಬೈಲು ತೆಗೆದ. ಮೊದಲಿನಿಂದಲೂ ಅವನದು ಲಾರಿಯ ಸದ್ದಿನ ಮೇಲೆ ಮಾತಾಡುವ ಗಂಟಲು. ಕಾಲೇಜಿಗೆಲ್ಲ ಕೇಳಿಸಿತು.

“ಕಾಟಾಕ್ಕ ನಮ್ಮ ಹುಡುಗಿ ಬರಂಗಿಲ್ಲರೀ. ಇಲ್ಲ, ಪಗಾರದ ಮಾತಲ್ಲ. ಅಕಿ ಬರಿಯಾಕಿ. ಅಕಿ ಬರದದ್ದನ್ನ ಒತ್ತಾಕ ಬ್ಯಾರೆ ಯಾರನ್ನರ ನೋಡ್ಕೊಳ್ರಿ!”

ಕುರುಗೋಡಿಗೆ ಬಂದವಳು ನಾನು ಮನೆಯೊಳಗೆ ಕೂರಲಿಲ್ಲ. ಸೇರಿನ ತುಂಬ ಸಕ್ಕರೆ ಹಾಕಿಕೊಂಡು ಓಣಿಗೆ ಇಳಿದೆ. ಮೊದಲು ಪಕ್ಕದ ಮನೆ. ಗೆಳತಿಯ ಬಾಯಿಗೆ ಸಕ್ಕರೆ ಹಾಕಿ, “ಲಾಭ!” ಎಂದೆ. ಹಿಂದಿನಿಂದ ಮೊಮ್ಮಗಳು, “ಸೊನ್ನೆ!” ಎಂದಳು.

“ಯಾಕಲೇ, ನನ್ನ ಮನಿ ಸೊನ್ನೆಯೇನು?” ಎಂದು ಗೆಳತಿ ಸಕ್ಕರೆ ಬಾಯಲ್ಲೇ ಜಗಳಕ್ಕೆ ನಿಂತಳು.

“ಮೊದಲನೇ ಮನಿಗೆ ಹಂಗ ಅನ್ನೂದ ಪದ್ಧತಿ,” ಎಂದೆ ನಾನು, ಎಲ್ಲ ಬಲ್ಲವಳಂತೆ, ಮತ್ತು ಎರಡನೆಯ ಮನೆಯ ಬಾಗಿಲು ಬಡಿದೆ.